ದೋಣಿ ಹತ್ತುವ ಮುಂಚೆ ಫ್ಯಾನು ನೋಡಿ

ಕಳೆದ ವರ್ಷ ವರದಿಗೆಂದು ಜಮಖಂಡಿ ತಾಲೂಕಿನ ಒಂದು ಹಳ್ಳಿಯಿಂದ ಕೃಷ್ಣಾ ನದಿ ದಾಟುತ್ತಿದ್ದೆ. ದೋಣಿಯಲ್ಲಿ ಶಾಲೆ ಮಕ್ಕಳು, ಎರಡು ಬೈಕು, ಒಬ್ಬ ಬಾಣಂತಿ. ನಡುನೀರಲ್ಲಿ ಇಂಜಿನ್ ನಿಂತಿತು. ಗಾಳಿಗೆ ದೋಣಿ ಅಡ್ಡ ತಿರುಗಿತು. ಯಾರೂ ಮಾತಾಡಲಿಲ್ಲ.

ಅಂಬಿಗ ಕಾಕಾ ಇಂಜಿನ್ ಎತ್ತಿದರು. ನೀರಲ್ಲಿ ತಿರುಗುವ ಫ್ಯಾನಿಗೆ ಅಂತರಗಂಗೆ ಬೇರು ಸುತ್ತಿತ್ತು, ರೆಕ್ಕೆಗೆ ಪಾಚಿ ಹಿಡಿದಿತ್ತು. ಕುಡಗೋಲಿನಿಂದ ಬೇರು ಕೊಯ್ಯುತ್ತ, "ರಾತ್ರಿ ನೀರಾಗ ಬಿಟ್ಟಿದ್ನಿ ತಮ್ಮಾ, ನಂದ ತಪ್ಪು" ಅಂದರು.

ಹಿಪ್ಪರಗಿ ಬ್ಯಾರೇಜಿನ ಹಿಂದೆ, ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನಲ್ಲಿ ನದಿ ನಿಂತ ನೀರಾಗುತ್ತದೆ. ನಿಂತ ನೀರಲ್ಲಿ ಕಳೆ, ಪಾಚಿ ಬೇಗ ಬೆಳೆಯುತ್ತವೆ.

ಸಮುದ್ರದ ಕಥೆ ಬೇರೆ. ಮಲ್ಪೆ, ಕಾರವಾರದಲ್ಲಿ ಬಾರ್ನಕಲ್ ಎಂಬ ಚಿಪ್ಪಿನ ಜೀವಿ ದೋಣಿಗೆ ಸಿಮೆಂಟಿನಂತೆ ಅಂಟುತ್ತದೆ. ಅದನ್ನು ತಡೆಯಲು ತಾಮ್ರ ಬೆರೆಸಿದ ವಿಷಬಣ್ಣ ಬಳಿಯುತ್ತಾರೆ. ನಮ್ಮ ಸಿಹಿನೀರಲ್ಲಿ ಬಾರ್ನಕಲ್ ಬದುಕುವುದಿಲ್ಲ. ಆ ಬಣ್ಣ ಅಲ್ಯೂಮಿನಿಯಂ ಫ್ಯಾನನ್ನೇ ತಿನ್ನುತ್ತದೆ. ಮೇಲಾಗಿ ನಾವು ಕುಡಿಯುವುದು ಇದೇ ನದಿ ನೀರು.

ನಮಗೆ ಬೇಕಾದದ್ದು ಇಷ್ಟೇ. ಸಂಜೆ ಕೆಲಸ ಮುಗಿದ ಮೇಲೆ ಇಂಜಿನ್ ಓರೆ ಮಾಡಿ ಫ್ಯಾನು ನೀರಿನಿಂದ ಮೇಲೆತ್ತಿ. ಗೋಣಿಚೀಲದಿಂದ ತಿಕ್ಕಿ ಒರೆಸಿ. ಒಣಗಿದ ಫ್ಯಾನಿಗೆ ಪಾಚಿ ಹತ್ತುವುದಿಲ್ಲ. ಬೆಳಿಗ್ಗೆ ಹೊರಡುವ ಮುಂಚೆ ಮತ್ತೊಮ್ಮೆ ನೋಡಿ. ಕೈ ಹಾಕುವ ಮೊದಲು ಇಂಜಿನ್ ಬಂದ್ ಇರಲಿ.

ಅವತ್ತು ದಂಡೆಗೆ ಬಂದ ಮೇಲೂ ಬಾಣಂತಿ ಕೂಸನ್ನು ಬಿಗಿಯಾಗಿ ಅವುಚಿಕೊಂಡೇ ಇಳಿದಳು. ಈಗ ನಾನು ದೋಣಿ ಹತ್ತುವ ಮುಂಚೆ ಕೇಳುತ್ತೇನೆ, ನೀವೂ ಕೇಳಿ: "ಕಾಕಾ, ಫ್ಯಾನು ನೋಡೀರೇನ್ರಿ?"