ಒಂದು ಸಾಲು ಅಂದ್ರೆ ಏನು?

ಬೇರೆ ಬೇರೆ ವೇರಿಯೇಬಲ್‌ಗಳನ್ನ ಪಕ್ಕಪಕ್ಕ ಜೋಡಿಸಿ ಒಂದು ಟೇಬಲ್ ಮಾಡೋದು ಪ್ರೋಗ್ರಾಮಿಂಗ್ ಕಲಿಯೋರಿಗೆ ಶುರುವಿನ ಪಾಠ. ಒಂದೇ ಸಾಲಿನ ಕೋಡು. ಆಫೀಸಿನಲ್ಲಿ ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳಲ್ಲ. ಊರಲ್ಲಿ ಮಾತ್ರ ಆ ಒಂದು ಸಾಲಿನಿಂದ ನಮ್ಮ ಹಸು ಮಾರಾಟವಾಗೋದರಲ್ಲಿತ್ತು.

ತಮ್ಮ ಕಾಲೇಜಿನಲ್ಲಿ ಆರ್ ಭಾಷೆ ಕಲೀತಿದಾನೆ. ಅಮ್ಮನ ಡೈರಿ ಪುಸ್ತಕ ಇಟ್ಟುಕೊಂಡು ಒಂದು ತಿಂಗಳ ಲೆಕ್ಕ ಹಾಕಿದ್ದ. ಹಾಲು ಹಾಕೋದು ದಿನಕ್ಕೆ ಎರಡು ಹೊತ್ತು, ಹಾಗಾಗಿ ಲೀಟರ್ ಅನ್ನೋ ವೇರಿಯೇಬಲ್‌ನಲ್ಲಿ 60 ಸಂಖ್ಯೆ, ದುಡ್ಡು ಅನ್ನೋದರಲ್ಲೂ 60. ಬೂಸಾ, ಹಿಂಡಿ ಖರ್ಚನ್ನ ಅಮ್ಮ ಬರೆಸೋದು ದಿನಕ್ಕೆ ಒಂದೇ ಸಲ, ಅದು 30. ಮೂರನ್ನೂ ಡೇಟಾ.ಫ್ರೇಮ್‌ಗೆ ಕೊಟ್ಟ. ಅದು ತುಟಿಪಿಟಕ್ಕೆನ್ನದೆ 60 ಸಾಲಿನ ಟೇಬಲ್ ಮಾಡಿಕೊಟ್ಟಿತು. ಕೂಡಿ ಕಳೆದರೆ ಹಸು ನಷ್ಟದಲ್ಲಿ! "ಕೊಟ್ಬಿಡೋಣ ಕಣಮ್ಮ" ಅಂದನಂತೆ. ಅಮ್ಮ ಮಾತಾಡದೆ ಕೊಟ್ಟಿಗೆಗೆ ಹೋದಳಂತೆ. ರಾತ್ರಿ ನನಗೆ ಫೋನು: "ಅಣ್ಣ, ಒಂದ್ಸಲ ನೋಡು."

ಆರ್‌ನ ಗುಣ ಇದು. ಉದ್ದದ ಕಾಲಂ 60 ಇದ್ದು ಇನ್ನೊಂದು 29 ಇದ್ದಿದ್ದರೆ ಸಾಲುಗಳ ಸಂಖ್ಯೆ ಹೊಂದುತ್ತಿಲ್ಲ ಅಂತ ಎರರ್ ಕೊಟ್ಟು ನಿಲ್ಲುತ್ತಿತ್ತು. 30 ಆದರೆ 60ಕ್ಕೆ ಸರಿಯಾಗಿ ಎರಡು ಸಲ ಹೋಗುತ್ತಲ್ಲ, ಮುಗಿದ ಮೇಲೆ ಮತ್ತೆ ಮೊದಲಿಂದ ತುಂಬಿಬಿಡುತ್ತೆ. ಇದಕ್ಕೆ ರೀಸೈಕ್ಲಿಂಗ್ ಅಂತಾರೆ. ಟಿಬಲ್ ಇಷ್ಟು ಧಾರಾಳಿಯಲ್ಲ, ಒಂದೇ ಬೆಲೆಯಿದ್ದರೆ ಮಾತ್ರ ಹಿಗ್ಗಿಸುತ್ತೆ. ಪೈಥಾನಿನ ಪ್ಯಾಂಡಾಸ್‌ಗೆ ಉದ್ದ ಬೇರೆಯಿರೋ ಲಿಸ್ಟ್‌ಗಳನ್ನ ಕೊಟ್ಟರೆ ಜಗಳಕ್ಕೇ ಬರುತ್ತೆ. ನನ್ನ ಕೇಳಿದರೆ ಜಗಳಗಂಟಿಯೇ ವಾಸಿ.

ಟೇಬಲನ್ನ ತಮ್ಮ ಅಮ್ಮನಿಗೆ ಫೋನಿನಲ್ಲೇ ಓದಿ ಹೇಳಿದ. "ನಾಲ್ಕನೇ ತಾರೀಕು ಸಂಜೆ ಬೂಸಾ ಸೊನ್ನೆ" ಅಂದಾಗ ಅಮ್ಮ, "ಬೂಸಾ ಇಲ್ದೆ ಹೋಗಿದ್ದು ಎಂಟಕ್ಕೆ ಕಣೋ, ಅವತ್ತು ಬರೀ ಹಸಿ ಹುಲ್ಲು" ಅಂದಳು. ಸರಿಯೇ. ಎಂಟನೇ ದಿನದ ಖರ್ಚು ಎಂಟನೇ ಸಾಲಿಗೆ, ಅಂದರೆ ನಾಲ್ಕರ ಸಂಜೆಗೆ ಹೋಗಿ ಕೂತಿತ್ತು. ಮತ್ತೆ 38ನೇ ಸಾಲಿನಲ್ಲೂ. ಅದಕ್ಕಿಂತ ಮುಖ್ಯ, ಇಡೀ ತಿಂಗಳ ಬೂಸಾ ಎರಡು ಸಲ ಲೆಕ್ಕಕ್ಕೆ ಬಂದಿತ್ತು.

ಪ್ರತಿ ಬೆಲೆಯನ್ನೂ ಎರಡೆರಡು ಸಲ ಬರೆಸಿದ್ದರೆ ತಾರೀಕೇನೋ ಕೂಡುತ್ತಿತ್ತು, ಖರ್ಚು ಮಾತ್ರ ದುಪ್ಪಟ್ಟಾಗಿಯೇ ಉಳಿಯುತ್ತಿತ್ತು. ಅವನಿಗೆ ಹೇಳಿದ್ದು ಇಷ್ಟೇ: ಜೋಡಿಸೋ ಮುಂಚೆ ಒಂದು ಸಾಲು ಅಂದ್ರೆ ಹೊತ್ತೋ, ದಿನವೋ ತೀರ್ಮಾನ ಮಾಡು. ದಿನ ಅಂತಾದರೆ ಎರಡು ಹೊತ್ತಿನ ಹಾಲನ್ನ ತಾರೀಕಿನ ಪ್ರಕಾರ ಮೊದಲು ಕೂಡಿಸು. ಆಮೇಲೆ ಎರಡು ಕಡೆಯೂ ತಾರೀಕಿನ ಕಾಲಂ ಇಟ್ಟು ಮರ್ಜ್ ಮಾಡು. ಯಾರ ಪಕ್ಕ ಯಾರು ಅನ್ನೋದನ್ನ ತಾರೀಕು ಹೇಳಲಿ, ಕೂತ ಜಾಗ ಹೇಳೋದು ಬೇಡ.

30 ಸಾಲು ಬಂತು. ಹಸು ಖರ್ಚು ಕಳೆದು ಅಷ್ಟೋ ಇಷ್ಟೋ ಉಳಿಸುತ್ತಿತ್ತು. ಅಮ್ಮನಿಗೆ ಅದೂ ಒಪ್ಪಿಗೆಯಿಲ್ಲ. "ಸಗಣಿ ಗೊಬ್ಬರ ಎಲ್ಲಿ ಬರ್ಕೊಂಡಿದೀಯ?" ಅಂತ ಕೇಳಿದಳು. ತಮ್ಮ ಈಗ ಗಾಡಿ ಗೊಬ್ಬರಕ್ಕೆ ಎಷ್ಟು ನಡೀತಿದೆ ಅಂತ ಊರಲ್ಲಿ ವಿಚಾರಿಸ್ತಿದಾನೆ.