ಸಾಮೆಯ ಬಣ್ಣ

ಹೊಸದುರ್ಗದ ಕಡೆ ಸಾಮೆ ಬೆಳೆಯುವುದು ನಿಂತಿರಲಿಲ್ಲ, ಉಣ್ಣುವುದು ಕಡಿಮೆಯಾಗಿತ್ತು. ರೇಷನ್ ಅಕ್ಕಿ ಬಂದ ಮೇಲೆ ಒನಕೆ ಮೂಲೆ ಸೇರಿತು. ಕುಟ್ಟಿ, ಕೇರಿ, ಮತ್ತೆ ಕುಟ್ಟಿ ಎರಡು ಸೇರು ಅಕ್ಕಿ ಮಾಡುವಷ್ಟರಲ್ಲಿ ಹೆಂಗಸರ ರಟ್ಟೆ ಸೋತುಹೋಗುತ್ತಿತ್ತು. ಬಿಟ್ಟವರನ್ನು ನಾನು ದೂರಲಾರೆ. ಒಕ್ಕಣೆ ಮುಗಿದ ಕೂಡಲೇ ಕಾಳು ದಲ್ಲಾಳಿಯ ಲಾರಿ ಹತ್ತುತ್ತಿತ್ತು. ಹೊಟ್ಟು ಬಿಡಿಸುವ ದೊಡ್ಡ ಗಿರಣಿಗಳಿದ್ದದ್ದು ದೂರದ ನಾಸಿಕ್‌ನಲ್ಲಿ. ಅಲ್ಲಿ ಪಾಲಿಶ್ ಆಗಿ, ಬೆಳ್ಳಗಾಗಿ, ಪೊಟ್ಟಣ ಸೇರಿ ಬೆಂಗಳೂರಿನ ಅಂಗಡಿಗೆ ಬರುತ್ತಿತ್ತು. ಬಸ್ಸಿನಲ್ಲಿ ಅರ್ಧ ದಿನದ ದಾರಿಗೆ ಸಾವಿರ ಕಿಲೋಮೀಟರಿಗೂ ಮೀರಿದ ಸುತ್ತು!

2017ರಲ್ಲಿ, ಮತ್ತೆ 2018ರ ಜನವರಿಯಲ್ಲಿ, ರಾಜ್ಯ ಸರ್ಕಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಾವಯವ ಮತ್ತು ಸಿರಿಧಾನ್ಯ ಮೇಳ ನಡೆಸಿತು. ರೈತರ ಗುಂಪೊಂದರ ಮಳಿಗೆಯಲ್ಲಿ ನಾನೂ ನಿಂತಿದ್ದೆ. ‘ಶುಗರ್‌ಗೆ ಯಾವುದು ಒಳ್ಳೇದು?’ ಎಂಬುದೇ ಎಲ್ಲರ ಪ್ರಶ್ನೆ. ನಮ್ಮ ಅಕ್ಕಿಯ ಮಾಸಲು ಬಣ್ಣ ನೋಡಿ, ‘ಹಳೇದಾ ಇದು?’ ಎಂದು ಬೆಳ್ಳನೆಯದನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಆಮೇಲೆ ಎರಡು ತಟ್ಟೆ ಇಟ್ಟೆವು: ಒಂದರಲ್ಲಿ ಪಾಲಿಶ್ ಆದದ್ದು, ಇನ್ನೊಂದರಲ್ಲಿ ತೌಡು ಉಳಿದದ್ದು. ನಾರು, ಖನಿಜಾಂಶ ಹೆಚ್ಚಾಗಿರುವುದು ಆ ಮಾಸಲು ಪದರದಲ್ಲೇ ಎಂದು ತೋರಿಸುತ್ತಿದ್ದೆವು. ತೌಡಿನಲ್ಲಿ ಎಣ್ಣೆಯಂಶವಿದೆ, ಬಹಳ ದಿನ ಇಟ್ಟರೆ ಕಮಟು ಹಿಡಿಯುತ್ತದೆ. ಆದ್ದರಿಂದ ತಿಂಗಳಿಗೆ ಬೇಕಾದಷ್ಟೇ ಒಯ್ಯಿರಿ, ಮೂಸಿ ನೋಡಿ, ಯಾವಾಗ ಮಿಲ್ ಮಾಡಿಸಿದ್ದೆಂದು ಕೇಳಿ ಎನ್ನುತ್ತಿದ್ದೆವು. ತುಮಕೂರು ಕಡೆಯ ಹಿರಿಯರೊಬ್ಬರು ಎರಡೂ ತಟ್ಟೆಯಿಂದ ಚಿಟಿಕೆ ಚಿಟಿಕೆ ಬಾಯಿಗೆ ಹಾಕಿಕೊಂಡು, ಸೊಸೆಯತ್ತ ತಿರುಗಿ, ‘ನಮ್ಮನೇಲಿ ಉಣ್ತಿದ್ದದ್ದು ಇದೇ ಕಣಮ್ಮ, ಆ ಬಿಳೀದಲ್ಲ’ ಎಂದರು. ಸುತ್ತ ನಿಂತವರಿಗೆ ನಾವು ಮತ್ತೇನೂ ಹೇಳಬೇಕಾಗಲಿಲ್ಲ.

ಬರಬರುತ್ತಾ ಹಳ್ಳಿಗಳಿಗೇ ಸಣ್ಣ ಗಿರಣಿಗಳು ಬಂದವು. ಕೆಲವನ್ನು ಮಹಿಳಾ ಸಂಘಗಳೇ ನಡೆಸುತ್ತಿವೆ. ಒನಕೆಯ ಶ್ರಮ ತಪ್ಪಿತು, ಹೊಟ್ಟು ದನಕ್ಕೋ ಗೊಬ್ಬರಕ್ಕೋ ಊರಲ್ಲೇ ಉಳಿಯಿತು. ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟ ಬದಲಾವಣೆ ಇದು. ‘ಯಾವ ಊರಿನದು?’ ಎಂದು ಕೊಳ್ಳುವವರು ಕೇಳಿದರೆ ಈಗ ಉತ್ತರವಿದೆ.

2023 ಅನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಬಿಸ್ಕತ್ತು, ನೂಡಲ್ಸ್‌ಗಳ ಮೇಲೂ ಸಿರಿಧಾನ್ಯದ ಹೆಸರು ಬಂತು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಅಚ್ಚು ಹಾಕಬೇಕೆಂಬ ನಿಯಮವಿದೆ. ಮೈದಾ ಮೊದಲಿದ್ದರೆ ಅದು ಮೈದಾ ಬಿಸ್ಕತ್ತೇ. ಈಗ ಮಳಿಗೆಗೆ ಬಂದವರ ಕೈಗೆ ಅಂಥದ್ದೊಂದು ಪೊಟ್ಟಣ ಕೊಟ್ಟು, ಹಿಂಬದಿಯನ್ನು ಓದಿಸುತ್ತೇವೆ.