ಎಂಟನೇ ರೊಟ್ಟಿ

ಪತ್ತೇದಾರಿ ಕಾದಂಬರಿ ಅಂದರೆ ನಮ್ಮ ಕಾಲದವರಿಗೆ ಎನ್. ನರಸಿಂಹಯ್ಯನವರೇ. ಓದಿದ್ದು ನಾಲ್ಕನೇ ತರಗತಿ, ಬರೆದದ್ದು ಸುಮಾರು 500 ಕಾದಂಬರಿ! ಒಂದು ಮುಗಿದರೆ ಪುರುಷೋತ್ತಮನ ಮುಂದಿನ ಸಾಹಸ ಬೇಕೇ ಬೇಕು. ಆದರೆ ಅವನು ಬೆಂಗಳೂರಿನವ. ಜಹೀರಾಬಾದಿನಲ್ಲಿ ಕೂತು ಓದುವವರಿಗೆ ಬೆಂಗಳೂರು ಬರೀ ಪುಸ್ತಕದೊಳಗಿನ ಊರು. ದವಾಖಾನೆಗೆ, ಮದುವೆ ಬಟ್ಟೆಗೆ, ನೌಕರಿಗೆ ನಾವು ಬಸ್ಸು ಹತ್ತುವುದು ಹೈದರಾಬಾದಿಗೆ.

ಅದಕ್ಕೇ ಕೆ.ಎನ್. ಗಣೇಶಯ್ಯನವರ ‘ಏಳು ರೊಟ್ಟಿಗಳು’ ಕೈಗೆ ಬಂದಾಗ ಆದ ಖುಷಿ ಅಷ್ಟಿಷ್ಟಲ್ಲ. ನಿಜಾಮರ ಸಂಪತ್ತಿನ ಜಾಡು ಹಿಡಿಯುವ ಕಥೆ. ನಾವು ಬಲ್ಲ ಶಹರ, ನಮ್ಮ ಕನ್ನಡದಲ್ಲಿ!

ಏಳು ರೊಟ್ಟಿಗಳ ಐತಿಹ್ಯ ನಿಮಗೂ ಗೊತ್ತಿರಬಹುದು. ಹಸಿದು ಬಂದ ನಿಜಾಮ್-ಉಲ್-ಮುಲ್ಕನಿಗೆ ಸೂಫಿ ಸಂತರೊಬ್ಬರು ಕುಲ್ಚಾ ಕೊಟ್ಟರಂತೆ. ಅವನು ಏಳು ತಿಂದ. ‘ನಿನ್ನ ವಂಶ ಏಳು ತಲೆ ಆಳುತ್ತದೆ’ ಎಂದರಂತೆ ಸಂತರು. 1724ರಲ್ಲಿ ಶುರುವಾದ ಆಳ್ವಿಕೆ 1948ರ ಸೆಪ್ಟೆಂಬರಿನಲ್ಲಿ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲಕ್ಕೆ ಮುಗಿಯಿತು. ಅವರ ಬಾವುಟದಲ್ಲೂ ಆ ಕುಲ್ಚಾ ಇತ್ತು.

ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಎಂಟನೇ ರೊಟ್ಟಿ ಏನಾಯ್ತ್ರೀ ಸರ್?” ಅಂದ. ಎಲ್ಲರೂ ನಕ್ಕರು. ನಾನು, “ನೀವೇ ಪತ್ತೆ ಮಾಡ್ರಿ, ಮುಂದಿನ ಭಾಗ ಬರೀರಿ” ಅಂದೆ.

ಪತ್ತೇದಾರಿಕೆಗೆ ಒಂದು ಸುಳಿವೂ ಕೊಟ್ಟೆ. 1748ರಿಂದ 1762ರವರೆಗೆ ನಾಸಿರ್ ಜಂಗ್, ಮುಜಫ್ಫರ್ ಜಂಗ್, ಸಲಾಬತ್ ಜಂಗ್ ಎಂಬ ಮೂವರೂ ಹೈದರಾಬಾದನ್ನು ಆಳಿದ್ದರು. ಆದರೂ ಏಳು ನಿಜಾಮರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಹಾಗಾದರೆ ಲೆಕ್ಕ ಇಟ್ಟವರು ಯಾರು?

ಮಕ್ಕಳು ಬರೆದ ಕಥೆಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ಅದರ ಪತ್ತೇದಾರಿ ಜಹೀರಾಬಾದಿನ ಹುಡುಗಿ. ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ಇಳಿದು ತೆಲುಗು ಬೋರ್ಡು ಓದುತ್ತಾಳೆ, ಆಟೋದವನ ಜೊತೆ ದಖನಿಯಲ್ಲಿ ಜಗಳಾಡುತ್ತಾಳೆ. ನಡುರಾತ್ರಿ ಚಾರ್‌ಮಿನಾರಿನ ಕೆಳಗೆ ಆ ಸಂತರೇ ಪ್ರತ್ಯಕ್ಷರಾಗಿ ಗಂಟು ಬಿಚ್ಚುತ್ತಾರೆ. ಎಂಟನೆಯದು ಕುಲ್ಚಾ ಅಲ್ಲ, ಜೋಳದ ರೊಟ್ಟಿ!

ಓದಿ ನಕ್ಕೆ, ಆಮೇಲೆ ಯೋಚನೆಯಾಯಿತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ, ಗುಲ್ಬರ್ಗ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ತೆಲಂಗಾಣ. ಅಲ್ಲಿಂದ ನಾವೂ ಪಟ್ಟಿಯಿಂದ ಹೊರಗುಳಿದವರೇ. ‘ಕನ್ನಡ ಕಲಿತು ಹೈದರಾಬಾದಿನಲ್ಲಿ ಏನು ಮಾಡ್ತಾರೆ?’ ಎಂದು ಪಾಲಕರು ಕೇಳುವಾಗ ಅವರ ಆತಂಕ ಸುಳ್ಳಲ್ಲ. ನೌಕರಿಯ ಮಾತಿಗೆ ನನ್ನ ಹತ್ತಿರ ಸಿದ್ಧ ಉತ್ತರವಿಲ್ಲ. ಆದರೆ ಮೂರು ಭಾಷೆಯ ಶಹರದಲ್ಲಿ ದಾರಿ ತಪ್ಪದ ಪತ್ತೇದಾರಿಯನ್ನು ಆ ಹುಡುಗಿ ಹುಟ್ಟಿಸಿದ್ದು ಕನ್ನಡದಲ್ಲಿ. ಪುರುಷೋತ್ತಮ ಬಂದಿದ್ದರೆ ಇಮ್ಲಿಬನ್‌ನಲ್ಲೇ ತಡವರಿಸುತ್ತಿದ್ದ!

ನಾರಾಯಣಖೇಡ, ತಾಂಡೂರಿನ ಗುರುಗಳೇ, ನಿಮ್ಮ ಮಕ್ಕಳಿಗೂ ಈ ಪ್ರಶ್ನೆ ಕೇಳಿ ನೋಡಿ. ಅವರ ಎಂಟನೇ ರೊಟ್ಟಿ ಯಾವ ಗಲ್ಲಿಯಲ್ಲಿ ಸಿಗುತ್ತದೋ, ನನಗೂ ತಿಳಿಸಿ.